ನೂರಾ ಹದಿನೆಂಟನೆಯ ಪ್ರಮಾಣಪತ್ರ

2025ರ ಅಕ್ಟೋಬರ್ ಮೂರು, ಶುಕ್ರವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಆ ಹುಡುಗಿ ಪಶ್ಚಿಮ ವಿಭಾಗದ ಸೈಬರ್ ಅಪರಾಧ ಠಾಣೆಯ ಮೆಟ್ಟಿಲು ಹತ್ತಿ ಬಂದಳು. ಆಯುಧ ಪೂಜೆಯಾಗಿ ಎರಡು ದಿನ ಕಳೆದಿತ್ತು. ಜೀಪಿನ ಮೂತಿಗೆ ಕಟ್ಟಿದ ಬಾಳೆಕಂದು ಬಾಡಿ ಜೋಲುತ್ತಿತ್ತು. ಠಾಣೆಯ ಕಂಪ್ಯೂಟರಿನ ಕೀಲಿಮಣೆಯ ಸಂದಿಯಲ್ಲಿ ಕೂತಿದ್ದ ಕುಂಕುಮವನ್ನು ಇನ್‌ಸ್ಪೆಕ್ಟರ್ ಬಸವರಾಜೇಶ್ವರಿ ಹಳೆಯ ಟೂತ್‌ಬ್ರಷ್ಷಿನಲ್ಲಿ ಕೆರೆದು ತೆಗೆಯುತ್ತಿದ್ದಳು.

"ಕೂತ್ಕೊಳಮ್ಮ. ಏನಾಯ್ತು?"

"ಮೇಡಂ, ನಾನು ಸಹಿ ಮಾಡದೇ ಇರೋ ಕಡೆ ನನ್ನ ಸಹಿ ಬಿದ್ದಿದೆ."

"ಚೆಕ್ಕಿಗಾ?"

"ಅಲ್ಲ ಮೇಡಂ. ಬ್ಲಾಕ್‌ಚೈನ್‌ನಲ್ಲಿ."

ಮೂಲೆಯ ಮೇಜಿನಿಂದ ಹೆಡ್ ಕಾನ್‌ಸ್ಟೆಬಲ್ ಮಡಿವಾಳಪ್ಪ ತಲೆ ಎತ್ತಿದ. ಇಂಡಿ ತಾಲ್ಲೂಕಿನವನು. ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾದರೂ ಮಾತನ್ನು ಊರಿನದೇ ಇಟ್ಟುಕೊಂಡಿದ್ದ. "ಚೈನ್ ಹೋಗಿದ್ರ ಅದು ಕ್ರೈಮಿನವ್ರಿಗೆ ಬರ್ತೈತಿ ನೋಡ್ರೀ ಮೇಡಮ್ಮಾರ."

"ನೀವು ಸುಮ್ನೆ ಬರ್ಕೊಳ್ಳಿ ಮಡಿವಾಳಪ್ಪ."

ಹುಡುಗಿಯ ಹೆಸರು ಸೌಮ್ಯಶ್ರೀ, ಇಪ್ಪತ್ತೊಂಬತ್ತು ವರ್ಷ, ಪಡುವಣ ರಕ್ತನಿಧಿ ಒಕ್ಕೂಟದ ತಾಂತ್ರಿಕ ಅಧಿಕಾರಿ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕುರುಬರಹಳ್ಳಿ, ಕೆಂಗೇರಿ, ಹೀಗೆ ಐದು ಸಣ್ಣ ರಕ್ತನಿಧಿಗಳು ಸೇರಿ ಕಟ್ಟಿಕೊಂಡ ಒಕ್ಕೂಟ ಅದು. ಅವಳು ನೀರು ಕುಡಿದು ಹೇಳತೊಡಗಿದಳು.

"ರಕ್ತ ಎರಡರಿಂದ ಆರು ಡಿಗ್ರಿ ಒಳಗೆ ಇರ್ಬೇಕು ಮೇಡಂ. ಅದಕ್ಕೇ ಪ್ರತಿ ಫ್ರಿಜ್ಜಲ್ಲೂ ಒಂದು ಲಾಗರ್ ಡಬ್ಬಿ ಇಟ್ಟಿದೀವಿ, ಶಾಖ ಅಳೀತಾ ಇರುತ್ತೆ. ಯಾರಾದ್ರೂ ನಕಲಿ ಡಬ್ಬಿ ಇಟ್ಟು ಸುಳ್ಳು ಶಾಖ ಕಳಿಸಬಾರದಲ್ಲ? ಹಾಗಾಗಿ 'ನಾನೇ ಅಸಲಿ, ನಾನು ಇಂಥ ಫ್ರಿಜ್ಜಿಂದು' ಅಂತ ಹೇಳ್ಕೊಳ್ಳೋಕೆ ಪ್ರತಿ ಡಬ್ಬಿಗೂ ಒಂದು ಡಿಜಿಟಲ್ ಪ್ರಮಾಣಪತ್ರ ಕೊಡ್ತೀವಿ. ಹೊಸ ಪ್ರಮಾಣಪತ್ರ ಕೊಡ್ಬೇಕಂದ್ರೆ ಐದು ಜನ ಕೀಲಿದಾರರಲ್ಲಿ ಮೂರು ಜನ ತಮ್ಮ ಟೋಕನ್, ಅಂದ್ರೆ ಪೆನ್‌ಡ್ರೈವ್ ಥರದ ಕೀಲಿ, ಕಂಪ್ಯೂಟರಿಗೆ ಚುಚ್ಚಿ, ಪಿನ್ ಒತ್ತಿ ಒಪ್ಪಬೇಕು. ಒಪ್ಪಿದ ತಕ್ಷಣ ಐದೂ ಕೇಂದ್ರದ ಕಂಪ್ಯೂಟರಲ್ಲಿ ಒಂದೇ ಸಲ ಬರೆದುಹೋಗುತ್ತೆ. ಅದೇ ಬ್ಲಾಕ್‌ಚೈನ್. ಆಮೇಲೆ ಯಾರೂ ಅಳಿಸೋಕಾಗಲ್ಲ. ನಾನೂ ಅಷ್ಟೇ."

ಬಸವರಾಜೇಶ್ವರಿಗೆ ಹರಪನಹಳ್ಳಿಯ ಅಜ್ಜಿ ನೆನಪಾದಳು. ಒಂದೇ ಕಂಬಳಿಯೊಳಗೆ ಐದು ಮೊಮ್ಮಕ್ಕಳನ್ನು ತುಂಬಿಕೊಂಡು ಕತೆ ಹೇಳುತ್ತಿದ್ದಳು. ಮಾರನೆಯ ದಿನ ಒಬ್ಬರು ಆ ಕತೆಯ ಒಂದು ಮಾತು ಬದಲಿಸಿದರೆ ಸಾಕು, ಉಳಿದ ನಾಲ್ವರು "ಅಜ್ಜಿ ಹಂಗ ಹೇಳಿಲ್ಲ!" ಎಂದು ಮೇಲೆ ಬೀಳುತ್ತಿದ್ದರು. ಇದೂ ಅಂಥದ್ದೇ ಏರ್ಪಾಡು ಎಂದು ಅವಳಿಗೆ ಅರ್ಥವಾಯಿತು.

"ಸರಿ. ಈಗ ಏನು ಬರೆದುಹೋಗಿದೆ?"

"ಬುಧವಾರ, ಆಯುಧ ಪೂಜೆ ದಿನ, ಮಧ್ಯಾಹ್ನ ಎರಡು ಹದಿನೇಳಕ್ಕೆ ನೂರಾ ಹದಿನೆಂಟನೇ ಪ್ರಮಾಣಪತ್ರ. ಕೆಂಗೇರಿ ಕೇಂದ್ರ, ನಾಲ್ಕನೇ ಫ್ರಿಜ್ಜು. ಹಳೇ ಡಬ್ಬಿ ರದ್ದು, ಹೊಸದು ಜಾರಿ. ಒಪ್ಪಿದವರು ಅಧ್ಯಕ್ಷರು, ಬಸವೇಶ್ವರನಗರದ ಆನಂದ್ ಸರ್, ನಾನು. ನಾಲ್ಕು ನಿಮಿಷದಲ್ಲಿ ಮೂರು ಒಪ್ಪಿಗೆ. ಆದ್ರೆ ನಾವು ಮೂರೂ ಜನ ಒಪ್ಪೇ ಇಲ್ಲ. ನಿನ್ನೆ ರಜೆ, ಇವತ್ತು ಬೆಳಿಗ್ಗೆ ನೋಡ್ದೆ."

"ಇದರಿಂದ ಯಾರಿಗೇನು ನಷ್ಟ?"

ಸೌಮ್ಯಶ್ರೀಯ ದನಿ ಇಳಿಯಿತು. "ಬುಧವಾರ ಆ ಫ್ರಿಜ್ಜೊಳಗೆ ಏನಾಯ್ತೋ ಗೊತ್ತಿಲ್ಲ ಮೇಡಂ. ಮೂವತ್ತೊಂಬತ್ತು ಬ್ಯಾಗ್ ರಕ್ತ ಇತ್ತು. ಕೆಟ್ಟಿದ್ರೂ ಪರದೆ ಮೇಲೆ ಹಸಿರೇ ತೋರಿಸುತ್ತೆ. ಹಸಿರು ಇದ್ರೆ ಯಾರು ಬೇಕಾದ್ರೂ ಕೊಡ್ತಾರೆ. ನಿಲ್ಲಿಸಿ ಅಂತ ಅಧ್ಯಕ್ಷರಿಗೆ ಬೆಳಿಗ್ಗೆಯಿಂದ ಹೇಳ್ತಾ ಇದೀನಿ. ನೀನೇ ಏನೋ ಎಡವಟ್ಟು ಮಾಡಿದೀಯ ಅಂತಾರೆ."

ಹತ್ತು ಐವತ್ತಕ್ಕೆ ಅಧ್ಯಕ್ಷ ರೇವಣಸಿದ್ದಯ್ಯನವರೇ ಫೋನು ಮಾಡಿದರು. ಎಪ್ಪತ್ತು ದಾಟಿದ ದನಿ, ಸಭೆಗಳಲ್ಲಿ ಪಳಗಿದ್ದು. "ಆ ಮಗು ಹೆದರ್ಕೊಂಡು ಬಂದಿದೆ ಮೇಡಂ. ಹೊರಗಿನ ಹ್ಯಾಕರ್ ಯಾರೋ ಇರ್ಬೇಕು, ನಾವೇ ನೋಡ್ಕೋತೀವಿ. ರಕ್ತನಿಧಿ ಅಂದ್ರೆ ನಂಬಿಕೆ ಮೇಲೆ ನಿಂತಿರೋದು. ಪೊಲೀಸ್ ಜೀಪು ಬಂದು ಬಾಗಿಲಲ್ಲಿ ನಿಂತ್ರೆ..."

"ದೂರು ಬಂದಿದೆ ಸಾರ್. ಬರ್ತಾ ಇದೀನಿ."

ಹನ್ನೊಂದು ಐದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66 ಮತ್ತು 66ಸಿ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು. ಬಸವರಾಜೇಶ್ವರಿ, ಮಡಿವಾಳಪ್ಪ, ಸೌಮ್ಯಶ್ರೀ ಜೀಪಿನಲ್ಲಿ ಹೊರಟರು. ಕಾನ್‌ಸ್ಟೆಬಲ್ ಸಂಪತ್ ಬೈಕಿನಲ್ಲಿ ಹಿಂದೆ ಬಂದ. ಮೈಸೂರು ರಸ್ತೆ ಹಬ್ಬದಿಂದ ಮರಳುವ ಕಾರುಗಳಿಂದ ಗಿಜಿಗುಡುತ್ತಿತ್ತು.

ಹ್ಯಾಕರ್ ಎಂಬ ಮಾತು ಅವಳ ಮನಸ್ಸಿಗೆ ಹಿಡಿಸಲಿಲ್ಲ. ಅಜ್ಜಿಯ ಕತೆಗಳಲ್ಲಿ ಏಳು ಬೀಗದ ಪೆಟ್ಟಿಗೆಯನ್ನು ಯಾರೂ ಒಡೆದದ್ದಿಲ್ಲ. ಕೀಲಿ ಯಾವ ಗಿಣಿಯ ಕೊರಳಲ್ಲಿದೆ ಎಂದು ಬಲ್ಲವರು ಅರಮನೆಯೊಳಗೇ ಇರುತ್ತಿದ್ದರು.

*

ಕೆಂಗೇರಿ ಕೇಂದ್ರದಲ್ಲಿ ಪೂಜೆಯ ಹೂವು ಇನ್ನೂ ಅಲ್ಲಲ್ಲಿ ನೇತಾಡುತ್ತಿತ್ತು. ಸಮಯ ಹನ್ನೊಂದು ಐವತ್ತೆರಡು. ರೇವಣಸಿದ್ದಯ್ಯನವರು ನೇರ ನಾಲ್ಕನೆಯ ಫ್ರಿಜ್ಜಿನ ಮುಂದೆ ಕರೆದೊಯ್ದು ಗಾಜಿನೊಳಗೆ ಬೊಟ್ಟುಮಾಡಿದರು. ಒಳಗೆ ಬಿಳಿ ಡಬ್ಬಿ, ಅದರ ಮೇಲೆ ಹಸಿರು ಅಂಕಿ.

"ನಾಲ್ಕು ಡಿಗ್ರಿ. ಕಣ್ಣಾರೆ ನೋಡಿ ಮೇಡಂ. ಏನಾಗಿದೆ ಇದಕ್ಕೆ?"

"ಇದು ಹೊಸ ಡಬ್ಬಿ. ಹಳೇದೆಲ್ಲಿ?"

ಅಧ್ಯಕ್ಷರು ಸೌಮ್ಯಶ್ರೀಯ ಮುಖ ನೋಡಿದರು, ಸೌಮ್ಯಶ್ರೀ ತಂತ್ರಜ್ಞ ಬಾಳೇಶನ ಮುಖ ನೋಡಿದಳು, ಬಾಳೇಶ ನೆಲ ನೋಡಿದ. ಡಬ್ಬಿ ಬದಲಾಗಿದೆ ಎನ್ನುವುದೇ ಅವನಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಕೇಂದ್ರದ ಮೇಲ್ವಿಚಾರಕಿ ಅನಂತಲಕ್ಷ್ಮಿ ತಟ್ಟೆಯಲ್ಲಿ ಕಡಲೆಪುರಿ, ಬೂಂದಿ ಹಿಡಿದು ಬಂದರು. ಎಲ್ಲರ ಬಾಯಲ್ಲೂ ಲಕ್ಷ್ಮಮ್ಮ. ನೇಯ್ದ ಹತ್ತಿ ಸೀರೆ, ಬಿಗಿಯಾಗಿ ಸುತ್ತಿದ ಬೆಳ್ಳಿಗೂದಲು. ಐದು ಟೋಕನ್‌ಗಳಲ್ಲಿ ಒಂದು ಅವರದು. "ಪ್ರಸಾದ ತಗೊಳ್ಳಿ ಮೇಡಂ. ಬಿಸಿಲಲ್ಲಿ ಬಂದಿದೀರ."

"ಲಕ್ಷ್ಮಮ್ಮ ಈ ತಿಂಗಳ ಕೊನೆಗೆ ರಿಟೈರ್ ಆಗ್ತಿದಾರೆ," ಎಂದರು ಅಧ್ಯಕ್ಷರು, ಮಾತು ಬೇರೆ ಕಡೆಗೆ ತಿರುಗಿದ್ದಕ್ಕೆ ಹಗುರಾಗಿ. "ಮೂವತ್ತೆರಡು ವರ್ಷ. ಇವರ ಕೈಯಲ್ಲಿ ಒಂದು ಬ್ಯಾಗ್ ಹಾಳಾಗಿದ್ದಿಲ್ಲ."

"ಅಯ್ಯೋ ಬಿಡಿ ಸಾರ್." ಅವರು ತಟ್ಟೆಯನ್ನೇ ನೋಡುತ್ತಿದ್ದರು. "ನಂಗೆ ಈ ಚೈನು ಪೈನು ತಿಳಿಯಲ್ಲ ಮೇಡಂ. ಚುಚ್ಚು ಅಂದ್ರೆ ಚುಚ್ತೀನಿ."

ಮಡಿವಾಳಪ್ಪ ಆಗಲೇ ಮಂಡಿಯೂರಿ ಫ್ರಿಜ್ಜಿನ ಬುಡ ನೋಡುತ್ತಿದ್ದ. ಸೈಬರ್ ಠಾಣೆಗೆ ಬರುವ ಮುಂಚೆ ಹದಿನಾಲ್ಕು ವರ್ಷ ಕನ್ನಗಳವು ನೋಡಿದವನು. ಬಾಗಿಲು ಕಂಡರೆ ಅದರ ಸಂದಿಗೆ ಕಣ್ಣು ಹಾಕದೆ ಬಿಡುತ್ತಿರಲಿಲ್ಲ.

"ಮೇಡಮ್ಮಾರ, ಬರ್ರಿಲ್ಲೆ. ರಬ್ಬರಿನಾಗ ಏನೋ ಸಿಕ್ಕೊಂಡೈತಿ."

ಬಾಗಿಲಿನ ಅಂಚಿನ ರಬ್ಬರ್ ಪಟ್ಟಿಯ ಕೆಳ ಮೂಲೆಯಲ್ಲಿ ಬಾಳೆನಾರಿನ ಒಂದು ತುಂಡು, ಅದಕ್ಕೆ ಅಂಟಿಕೊಂಡು ಜಜ್ಜಿಹೋದ ಚೆಂಡುಹೂವಿನ ಎಸಳು. ಎಸಳು ಒಣಗಿ ಕಂದಾಗಿತ್ತು. ಅದರಾಚೆಗೂ ರಬ್ಬರ್ ಉದ್ದಕ್ಕೆ ಹಳದಿಯಾಗಿತ್ತು.

ಬಸವರಾಜೇಶ್ವರಿ ಬೆರಳಿನಲ್ಲಿ ಆ ಹಳದಿಯನ್ನು ಅಳೆದಳು. ಸುಮಾರು ಒಂದು ಗೇಣು. ಇಲ್ಲಿ ಇಡೀ ಒಂದು ಹಾರದ ತುದಿ ಸಿಕ್ಕಿಕೊಂಡಿತ್ತು. ಹಾರ ಸಿಕ್ಕಿದ್ದರೆ ಬಾಗಿಲು ಪೂರ್ತಿ ಮುಚ್ಚಿರಲಾರದು.

"ಬುಧವಾರ ಫ್ರಿಜ್ಜಿಗೂ ಹಾರ ಹಾಕಿದ್ರಾ?"

"ಎಲ್ಲಾದಕ್ಕೂ ಹಾಕಿದ್ವಿ ಮೇಡಂ," ಎಂದರು ಅಧ್ಯಕ್ಷರು. "ಆಯುಧ ಪೂಜೆ ಅಲ್ವೇ."

"ಬ್ಯಾಗ್ ಎಣಿಸಿ."

ಬಾಳೇಶ ಎಣಿಸಿದ. ಮೂವತ್ತೇಳು.

"ಮೂವತ್ತೊಂಬತ್ತಿರಬೇಕಲ್ಲ. ಇನ್ನೆರಡು?"

"ನಾನೇ ಕೊಟ್ಟೇನ್ರಿ ಮೇಡಂ," ಎಂದ ಬಾಳೇಶ. "ನಿನ್ನಿ ಮುಂಜಾನೆ ಹತ್ತೂ ನಲವತ್ತಕ್ಕ. ಎರಡನೇ ಫ್ರಿಜ್ಜಿನಾಗ ಓ ಪಾಸಿಟಿವ್ ಖಾಲಿ ಆಗಿತ್ರಿ. ಹಸಿರು ತೋರಿಸ್ತು, ಕೊಟ್ಟೆ. ಬ್ಯಾಡರಹಳ್ಳಿ ನರ್ಸಿಂಗ್ ಹೋಮಿಗೆ. ಮುತ್ತವ್ವ ಅಂತ್ರಿ, ಹೆರಿಗಿ ಪೇಷಂಟು."

ನರ್ಸಿಂಗ್ ಹೋಮಿನ ಫೋನು ಬ್ಯುಸಿ. ಮತ್ತೊಮ್ಮೆ ಬ್ಯುಸಿ. ಅರ್ಜಿಯಲ್ಲಿದ್ದ ಗಂಡನ ನಂಬರಿಗೆ ಮಾಡಿದರೆ ರಿಂಗಾಗಿ ನಿಂತಿತು. ಫುಡ್ ಡೆಲಿವರಿಯವನಂತೆ. ಗಾಡಿ ಓಡಿಸುತ್ತಿದ್ದನೋ ಏನೋ. ಮೂರನೆಯ ಸಲಕ್ಕೆ ನರ್ಸಿಂಗ್ ಹೋಮಿನ ರಿಸೆಪ್ಶನಿಸ್ಟ್ ಎತ್ತಿದಳು.

"ಮುತ್ತವ್ವ ಅವರಾ? ನಿನ್ನೆ ಒಂದ್ ಬ್ಯಾಗ್ ಕೊಟ್ಟಾಯ್ತು ಮೇಡಂ. ರಾತ್ರಿಯೆಲ್ಲಾ ಚಳಿ ಜ್ವರ ಅವರಿಗೆ. ಎರಡನೇದು ಈಗ ಹನ್ನೆರಡೂವರೆಗೆ ಹಾಕ್ತಾರೆ. ಯಾರು ಮಾತಾಡ್ತಿರೋದು? ಹಲೋ? ಹಲೋ..."

ಲೈನು ಕಡಿಯಿತು. ಗಡಿಯಾರ ಹನ್ನೆರಡು ಒಂಬತ್ತು ತೋರಿಸುತ್ತಿತ್ತು.

"ಮೇಡಂ, ಯೋಚ್ನೆ ಮಾಡಿ," ರೇವಣಸಿದ್ದಯ್ಯನವರು ಅಡ್ಡ ಬಂದರು. "ಒಂದ್ ಹೂವಿನ ಎಸಳು ಹಿಡ್ಕೊಂಡು ರಕ್ತ ಕೆಟ್ಟಿದೆ ಅಂತೀರಾ? ಸುಳ್ಳಾದ್ರೆ ಐದು ಕೇಂದ್ರಾನೂ ಮುಚ್ಕೊಂಡು ಹೋಗುತ್ತೆ."

"ಸುಳ್ಳಾದ್ರೆ ನನ್ನ ತಲೆ ಮೇಲಿರಲಿ ಸಾರ್. ನಿಜ ಆದ್ರೆ ಯಾರ ತಲೆ ಮೇಲೆ?" ಅವಳು ಕಂಟ್ರೋಲ್ ರೂಮಿಗೆ ಫೋನು ಹಚ್ಚಿದಳು. "ಮಾಗಡಿ ರಸ್ತೆಯಲ್ಲಿ ಹತ್ತಿರ ಇರೋ ಹೊಯ್ಸಳ ಗಸ್ತು ಗಾಡಿ ಯಾವ್ದು? ಬ್ಯಾಡರಹಳ್ಳಿಗೆ ಕಳ್ಸಿ. ಪೇಷಂಟ್ ಹೆಸರು ಮುತ್ತವ್ವ. ರಕ್ತ ಏರಿಸೋದು ನಿಲ್ಲಿಸ್ಬೇಕು, ಡಾಕ್ಟರ್ ಕೈಗೆ ಫೋನ್ ಕೊಡಿ. ಸೈರನ್ ಹಾಕ್ಕೊಂಡೇ ಹೋಗ್ಲಿ." ನಂತರ ಸಂಪತ್ತನ ಕಡೆ ತಿರುಗಿ, "ನೀನೂ ಹೋಗು. ಬ್ಯಾಗ್ ಎರಡೂ ಬೇಕು, ಖಾಲಿ ಆಗಿರೋದೂ ಸೇರಿ. ಅವರ ಫೋನಿಗೆ ಇಲ್ಲಿಂದ ಯಾರ್ಯಾರು ಮಾಡಿದ್ರು ನೋಡ್ಕೊಂಡ್ ಬಾ."

ಹನ್ನೆರಡು ನಿಮಿಷ ಕಾಯಬೇಕಾಯಿತು. ಫ್ರಿಜ್ಜುಗಳು ಗುಂಯ್ ಎನ್ನುತ್ತಿದ್ದವು. ಬಾಳೇಶ ಗೋಡೆಗೆ ಒರಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಲಕ್ಷ್ಮಮ್ಮ ತಟ್ಟೆಯನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಪುರಿ ಒಂದೊಂದೇ ನೆಲಕ್ಕೆ ಉದುರುತ್ತಿತ್ತು.

ಹನ್ನೆರಡು ಇಪ್ಪತ್ತೊಂದಕ್ಕೆ ಕರೆ ಬಂತು. ಬ್ಯಾಗನ್ನು ಸ್ಟ್ಯಾಂಡಿಗೆ ನೇತುಹಾಕಿ ಆಗಿತ್ತು. ನಳಿಕೆ ಇನ್ನೂ ಕೈಗೆ ಜೋಡಿಸಿರಲಿಲ್ಲ.

*

ಮಧ್ಯಾಹ್ನ ಒಂದು ಗಂಟೆಗೆ ಪಂಚನಾಮೆ ಶುರುವಾಯಿತು. ಎದುರಿನ ಔಷಧಿ ಅಂಗಡಿಯವರನ್ನೂ ಜೆರಾಕ್ಸ್ ಅಂಗಡಿಯವರನ್ನೂ ಪಂಚರಾಗಿ ಕರೆಸಿದ್ದರು. ನಾಲ್ಕನೆಯ ಫ್ರಿಜ್ಜಿಗೆ ಮೊಹರು ಬಿತ್ತು.

"ಟೋಕನ್ ಐದೂ ಐದು ಕಡೆ ಇರ್ಬೇಕಲ್ವಾ?" ಬಸವರಾಜೇಶ್ವರಿ ಕೇಳಿದಳು.

ಸೌಮ್ಯಶ್ರೀ ತುಟಿ ಕಚ್ಚಿದಳು. "ಒಂದೇ ಕಡೆ ಸೇರಿಸಬಾರದು ಅಂತ ನಾನೇ ನಿಯಮ ಬರೆದಿದ್ದು. ಬುಧವಾರ ಮಾತ್ರ..."

"ಬುಧವಾರ ನಾನೇ ತರಿಸಿದ್ದು," ಎಂದರು ಅಧ್ಯಕ್ಷರು. "ಬಡಗಿ ಉಳಿ ಇಡ್ತಾನೆ, ನೀವು ಪಿಸ್ತೂಲ್ ಇಡ್ತೀರ. ನಮಗೆ ಇದೇ ಆಯುಧ ಅಲ್ವಾ? ಮಂಟಪದಲ್ಲಿ ಮಣೆ ಮೇಲೆ ಐದನ್ನೂ ಸಾಲಾಗಿ ಇಟ್ಟು ಅಯ್ಯನವರ ಕೈಲಿ ಗಂಧ ಕುಂಕುಮ ಹಚ್ಚಿಸಿದ್ವಿ. ಹನ್ನೊಂದೂವರೆಗೆ ಮಂಗಳಾರತಿ. ಪೂಜೆಗೆ ಇಟ್ಟಿದ್ದು ಆವತ್ತು ಮುಟ್ಟಬಾರದು. ಮಾರನೇ ದಿನ ಬೆಳಿಗ್ಗೆ ಬಂದು ಅವರವರದು ಅವರು ತಗೊಂಡ್ರು."

"ಮಧ್ಯಾಹ್ನ ಎರಡು ಗಂಟೆಗೆ ಎಲ್ಲಿದ್ರಿ?"

"ತಾರಸಿ ಮೇಲೆ ಹೋಳಿಗೆ ಊಟ. ಎಲ್ಲರೂ ಅಲ್ಲೇ."

"ಎಲ್ಲರೂ?"

"ಸೌಮ್ಯ ಫೋನ್ ಬಂತು ಅಂತ ಕೆಳಗೆ ಹೋಗಿದ್ಲು. ಎರಡು ಹತ್ತರ ಸುಮಾರಿಗೆ." ಅವರು ಇದನ್ನು ಹೇಳಲು ಬೆಳಿಗ್ಗೆಯಿಂದ ಕಾದಿದ್ದಂತಿತ್ತು. "ಇದನ್ನೆಲ್ಲಾ ಕಟ್ಟಿದವಳೂ ಅವಳೇ. ನಾನು ಹೆಚ್ಗೆ ಏನೂ ಹೇಳಲ್ಲ."

ಸೌಮ್ಯಶ್ರೀ ಒಂದು ಹೆಜ್ಜೆ ಮುಂದೆ ಬಂದಳು. "ಹೋಗಿದ್ದೆ ಮೇಡಂ. ಗೇಟಿನ ಹೊರಗೆ ನಿಂತಿದ್ದೆ. ಅಮ್ಮನ ಫೋನು. ನಾನೇ ಮಾಡಿದ್ರೆ ನಾನೇ ದೂರು ಕೊಡ್ತೀನಾ?"

"ಎಷ್ಟೋ ಜನ ಕೊಟ್ಟಿದಾರಮ್ಮ," ಎಂದಳು ಬಸವರಾಜೇಶ್ವರಿ. "ಕ್ಯಾಮೆರಾ ಇದೆಯಲ್ಲ ಕಾರಿಡಾರಲ್ಲಿ, ತೋರ್ಸಿ."

ಹನ್ನೊಂದು ನಲವತ್ತರವರೆಗೆ ದೃಶ್ಯ ಚೆನ್ನಾಗಿತ್ತು. ಆಮೇಲೆ ಒಂದು ಕೈ ಮೇಲೆ ಬಂತು, ಪರದೆಯ ತುಂಬ ಹಳದಿ ಚೆಂಡುಹೂ. ಸಂಜೆಯವರೆಗೂ ಬರೀ ಹೂವು.

"ಕ್ಯಾಮೆರಾಕ್ಕೂ ಪೂಜಿ ಮಾಡ್ಯಾರ!" ಮಡಿವಾಳಪ್ಪ ಹಣೆ ಚಚ್ಚಿಕೊಂಡ. "ದೇವರ ಕಣ್ಣಿಗೂ ಹೂ ಮುಚ್ಚಿದ್ರಲ್ಲೋ ಮಾರಾಯ್ರಾ."

ಒಪ್ಪಿಗೆ ಕೊಡುವ ಕಂಪ್ಯೂಟರು ಮಂಟಪದಿಂದ ಹತ್ತು ಹೆಜ್ಜೆ ಆಚೆಯ ಕೋಣೆಯಲ್ಲಿತ್ತು. ಬಸವರಾಜೇಶ್ವರಿ ಟಾರ್ಚು ಹಾಕಿ ಟೋಕನ್ ಚುಚ್ಚುವ ಸಂದಿಯೊಳಗೆ ನೋಡಿದಳು. ಬೆಳಿಗ್ಗೆ ತನ್ನ ಕೀಲಿಮಣೆಯಿಂದ ಕೆರೆದ ಅದೇ ಕೆಂಪು, ಜೊತೆಗೆ ಗಂಧದ ಹಳದಿ. ಐದು ಟೋಕನ್‌ಗಳನ್ನು ತರಿಸಿ ಬಿಳಿ ಹಾಳೆಯ ಮೇಲೆ ಇಟ್ಟರು. ಎರಡರ ಮೇಲೆ ಬೊಟ್ಟು ಹಚ್ಚಿದ ಹಾಗೇ ದುಂಡಗೆ ಒಣಗಿತ್ತು. ಮೂರರ ಮೇಲೆ ಹಸಿಯಿದ್ದಾಗಲೇ ಒರೆಸಿ ಹೋಗಿತ್ತು: ಅಧ್ಯಕ್ಷರದು, ಆನಂದ್ ಅವರದು, ಸೌಮ್ಯಶ್ರೀಯದು.

"ಹೊರಗಿನ ಹ್ಯಾಕರ್ ಅಲ್ಲ ಸಾರ್. ಮಣೆ ಮೇಲಿಂದ ಎತ್ಕೊಂಡು, ಚುಚ್ಚಿ, ವಾಪಸ್ ಇಟ್ಟಿದಾರೆ. ಇನ್ನು ಪಿನ್. ಎಷ್ಟು ಸಲ ತಪ್ಪು ಒತ್ತಿದಾರೆ?"

ಸೌಮ್ಯಶ್ರೀ ಚೈನಿನ ದಾಖಲೆ ತೆರೆದಳು. "ಒಂದ್ ಸಲಾನೂ ಇಲ್ಲ. ಮೂರೂ ಮೊದಲ ಸಲಕ್ಕೇ ಸರಿ."

"ನಿಮ್ಮ ಪಿನ್ ಏನು ಸಾರ್?"

"ಅದನ್ನ ಹೇಳಬಾರದು ಅಂತ ಇವಳೇ..."

"ಈಗ ಹೇಳಿ."

ರೇವಣಸಿದ್ದಯ್ಯನವರು ಕೆಮ್ಮಿದರು. "ನನ್ನ ರಕ್ತದಾನಿ ನಂಬರು. ಆರಂಕಿ. ಇಪ್ಪತ್ತೈದು ವರ್ಷ ಕೊಟ್ಟಿದೀನಲ್ಲ, ಅದೊಂದು ಮರೆಯಲ್ಲ ನೋಡಿ."

ಫೋನಿನಲ್ಲಿ ಆನಂದ್ ಹೇಳಿದ್ದೂ ಅದನ್ನೇ. ಸೌಮ್ಯಶ್ರೀಯ ಕಣ್ಣಲ್ಲಿ ನೀರು ನಿಂತಿತು. "ನಂದೂ ಅದೇ ಮೇಡಂ. ಎಲ್ಲರಿಗೂ ಪಾಠ ಹೇಳಿ ನಾನೂ ಅದನ್ನೇ ಇಟ್ಟಿದೀನಿ."

ಬೇರೆ ಬೇರೆ ಕಡೆ ಬೀಗ ಹಾಕಿ ಕೀಲಿಗೆ ಎಲ್ಲರೂ ಒಂದೇ ಗೂಟ ಹುಡುಕಿದ್ದರು. ರಕ್ತನಿಧಿಯವರಲ್ಲದೆ ಬೇರಾರೂ ಹುಡುಕಲಾರದ ಗೂಟ.

"ಈ ನಂಬರುಗಳು ಯಾರಿಗೆ ಗೊತ್ತು?"

ಉತ್ತರ ಕೊಟ್ಟವನು ಬಾಳೇಶ. ಅದರಲ್ಲಿ ಕೇಡಿನ ಸುಳಿವೂ ಇರಲಿಲ್ಲ, ಮೆಚ್ಚುಗೆಯಷ್ಟೇ ಇತ್ತು. "ನಮ್ಮ ಲಕ್ಷ್ಮಮ್ಮಾರಿಗೆ ಎಲ್ಲಾರದೂ ಬಾಯಿಪಾಠ ಐತ್ರಿ. ದಾನಿ ಬಾಗಲಾಗ ಬಂದ್ರ ಹೆಸರಿಗಿಂತ ಮೊದಲ ನಂಬರ್ ಹೇಳ್ತಾರ. ಕಾರ್ಡೆಲ್ಲಾ ಅವರ ಕೈಬರಹಾನೇ."

ಬಸವರಾಜೇ‍ಶ್ವರಿ ಸುತ್ತ ನೋಡಿದಳು. ಲಕ್ಷ್ಮಮ್ಮ ಅಲ್ಲಿರಲಿಲ್ಲ.

ಎರಡು ಐವತ್ತೈದಕ್ಕೆ ಸಂಪತ್ತನ ಫೋನು ಬಂತು. "ಮೇಡಂ, ಪೇಷಂಟ್ ಐಸಿಯುನಲ್ಲಿದಾರೆ, ನೂರಾ ಮೂರು ಜ್ವರ. ಬ್ಯಾಗ್ ಎರಡೂ ತಗೊಂಡೆ. ಇನ್ನೊಂದ್ ವಿಷ್ಯ. ನಿನ್ನೆ ಸಂಜೆ ಏಳು ಐದಕ್ಕೆ ರಿಸೆಪ್ಶನ್ ಮೊಬೈಲಿಗೆ ಒಂದ್ ಕಾಲ್ ಬಂದಿದೆ. ನಲವತ್ತು ಸೆಕೆಂಡು. ಯಾರೋ ಆಂಟಿ, ರಕ್ತನಿಧಿಯಿಂದ ಅಂದ್ರಂತೆ. ಬೇರೇನೂ ಕೇಳ್ಲಿಲ್ವಂತೆ. 'ಮುತ್ತವ್ವಂಗೆ ಜ್ವರ ಏನಾದ್ರೂ ಬಂತಾ?' ಅಂತ ಅಷ್ಟೇ."

"ನಂಬರ್ ಹೇಳು."

ಅವನು ಹೇಳಿದ. ಗೋಡೆಯ ಮೇಲೆ ಅಂಟಿಸಿದ್ದ ಸಿಬ್ಬಂದಿ ಪಟ್ಟಿಯ ಮೇಲೆ ಅವಳ ಬೆರಳು ಮೊದಲ ಸಾಲಿನಲ್ಲೇ ನಿಂತಿತು.

*

ಲಕ್ಷ್ಮಮ್ಮ ತಮ್ಮ ಕೋಣೆಯಲ್ಲಿ ಕೂತು ದಾನಿಗಳ ಕಾರ್ಡು ಜೋಡಿಸುತ್ತಿದ್ದರು. ಬಸವರಾಜೇಶ್ವರಿ ಬಾಗಿಲು ಓರೆ ಮಾಡಿ ಎದುರು ಕೂತಳು. ಗಂಟೆ ಮೂರೂಕಾಲು.

"ನಾಲ್ಕನೇ ಫ್ರಿಜ್ಜಿಗೆ ಹಾರ ಹಾಕಿದ್ದು ಯಾರಮ್ಮ?"

"ನಾನೇ. ಪ್ರತಿ ವರ್ಷ ನಾನೇ."

"ಊಟದ ಹೊತ್ತಲ್ಲಿ ಕೆಳಗೆ ಯಾಕೆ ಬಂದ್ರಿ?"

"ಎಲೆ ಅಡಿಕೆ ತಟ್ಟೆ ಮರ್ತಿದ್ದೆ."

"ಬಂದಾಗ ಏನ್ ನೋಡಿದ್ರಿ?"

ಕಾರ್ಡು ಜೋಡಿಸುವ ಕೈ ನಿಲ್ಲಲಿಲ್ಲ. "ಏನೂ ಇಲ್ಲ."

"ಮುತ್ತವ್ವಂಗೆ ಜ್ವರ ಬಂದಿರುತ್ತೆ ಅಂತ ನಿನ್ನೆ ಸಂಜೆ ನಿಮಗೆ ಹೇಗೆ ಗೊತ್ತಾಯ್ತು?"

ಕೈ ನಿಂತಿತು.

"ರಕ್ತ ತಗೊಂಡ ಪ್ರತಿಯೊಬ್ಬರಿಗೂ ಮನೆಯಿಂದ ಫೋನ್ ಮಾಡಿ ಜ್ವರ ಕೇಳ್ತೀರಾ ಲಕ್ಷ್ಮಮ್ಮ? ಮೂವತ್ತೆರಡು ವರ್ಷದಲ್ಲಿ ಎಷ್ಟು ಸಲ ಕೇಳಿದೀರ?"

ಹೊರಗೆ ಮೆಟ್ರೋ ರೈಲೊಂದು ಸದ್ದು ಮಾಡುತ್ತ ಹೋಯಿತು. ಲಕ್ಷ್ಮಮ್ಮ ಎದ್ದು, ಸೆರಗಿನ ತುದಿಯ ಬೀಗದಕೈಯಿಂದ ಬೀರು ತೆಗೆದರು. ಕೆಳಗಿನ ಅರೆಯಲ್ಲಿ ಬಣ್ಣದ ಕಾಗದ ಸುತ್ತಿದ ಚೌಕದ ಪೊಟ್ಟಣ. ಅದರ ಹಿಂದೆ ಕರವಸ್ತ್ರದಲ್ಲಿ ಸುತ್ತಿದ ಬಿಳಿ ಡಬ್ಬಿ.

"ಬ್ಯಾಟರಿ ತೆಗ್ದಿದೀನಿ," ಎಂದರು, ಮಗುವೊಂದನ್ನು ಮಲಗಿಸಿದವರ ಹಾಗೆ. "ಎಲ್ಲಾ ಮರ್ತಿರುತ್ತೆ ಅಂದ್ಕೊಂಡಿದ್ದೆ."

ಸೌಮ್ಯಶ್ರೀಯನ್ನು ಕರೆಸಿ, ಪಂಚರ ಎದುರು ಡಬ್ಬಿಯನ್ನು ಕಂಪ್ಯೂಟರಿಗೆ ಜೋಡಿಸಲಾಯಿತು. ಅದು ಏನನ್ನೂ ಮರೆತಿರಲಿಲ್ಲ. ನಾಲ್ಕು ಗಂಟೆಗೊಮ್ಮೆ ಮಾತ್ರ ಚೈನಿಗೆ ವರದಿ ಕಳಿಸುತ್ತಿದ್ದರೂ ತನ್ನೊಳಗೆ ನಿಮಿಷ ನಿಮಿಷವೂ ಬರೆದಿಟ್ಟುಕೊಂಡಿತ್ತು. ಹನ್ನೆರಡಕ್ಕೆ ಆರು ಡಿಗ್ರಿ, ವರದಿ ಹೋಗಿದೆ. ಒಂದು ಗಂಟೆಗೆ ಹತ್ತು. ಎರಡು ಎಂಟಕ್ಕೆ ಹದಿಮೂರೂವರೆ. ಅಲ್ಲಿಗೆ ಖಾಲಿ.

"ಫ್ರಿಜ್ಜು ಕೂಗ್ತಾ ಇತ್ತು," ಎಂದರು ಲಕ್ಷ್ಮಮ್ಮ. "ತಾರಸಿ ಮೇಲೆ ಸ್ಪೀಕರ್ ಹಾಕಿದ್ರಲ್ಲ, ಯಾರಿಗೂ ಕೇಳಿಸಿಲ್ಲ. ನಾನು ಬಂದಾಗ ಬಾಗಿಲು ಇಷ್ಟೇ ಇಷ್ಟು ತೆರ್ಕೊಂಡಿತ್ತು. ನಾನು ಕಟ್ಟಿದ ಹಾರಾನೇ. ಮೊದಲು ಹಾರ ಕಿತ್ತು ಬಾಗಿಲು ಹಾಕ್ದೆ. ನಾಲ್ಕು ಗಂಟೆಗೆ ಡಬ್ಬಿ ವರದಿ ಕಳಿಸುತ್ತೆ ಅಂತ ಗೊತ್ತಿತ್ತು. ಕಳಿಸಿದ್ರೆ ಮೂವತ್ತೊಂಬತ್ತೂ ಕೆಂಪು."

"ಬೇರೆ ಡಬ್ಬಿ ಎಲ್ಲಿತ್ತು?"

"ಸ್ಟೋರಲ್ಲಿ. ಸೌಮ್ಯ ಡಬ್ಬಿ ಬದಲಾಯಿಸೋವಾಗೆಲ್ಲಾ ನಾನು ಪಕ್ಕದಲ್ಲೇ ನಿಂತಿರ್ತೀನಿ. ಸಂಜೆವರೆಗೂ ಹೊಸದನ್ನ ಎರಡನೇ ಫ್ರಿಜ್ಜಲ್ಲಿ ಇಟ್ಟಿದ್ದೆ, ನಾಲ್ಕನೇದು ತಣ್ಣಗಾದ್ಮೇಲೆ ಅಲ್ಲಿಗೆ."

"ಚೈನು ಪೈನು ತಿಳಿಯಲ್ಲ ಅಂದ್ರಿ."

"ಅಷ್ಟು ತಿಳಿಯುತ್ತೆ."

ಸೌಮ್ಯಶ್ರೀ ತಡೆಯದೆ ಬಾಯಿ ಹಾಕಿದಳು. "ನನ್ನ ಟೋಕನ್ ಯಾಕೆ ಆಂಟೀ? ನಿಮ್ಮದು ಇತ್ತಲ್ಲ. ಬೆಳಿಗ್ಗೆಯಿಂದ ಎಲ್ಲರೂ ನನ್ನನ್ನೇ ಕಳ್ಳಿ ಥರ ನೋಡ್ತಿದಾರೆ. ನೀವೂ ನೋಡ್ತಾ ಸುಮ್ನೆ ನಿಂತಿದ್ರಿ!"

ಲಕ್ಷ್ಮಮ್ಮ ಅವಳ ಮುಖ ನೋಡದೆ ಕರವಸ್ತ್ರ ಮಡಿಸಿದರು.

"ಆ ಬ್ಯಾಗ್‌ಗಳನ್ನ ಏನ್ ಮಾಡೋರಿದ್ರಿ?" ಬಸವರಾಜೇಶ್ವರಿ ಕೇಳಿದಳು.

"ಯಾರಿಗೂ ಕೊಡ್ತಿರ್ಲಿಲ್ಲ ಮೇಡಂ, ದೇವರಾಣೆ. ದಿನಕ್ಕೆ ಎರಡು ಮೂರು, ಏನೋ ಒಂದ್ ಕಾರಣ ಬರೆದು ತೆಗೆದುಹಾಕೋಣ ಅಂತಿದ್ದೆ. ಗುರುವಾರ ಹಬ್ಬ, ಯಾರು ಬರ್ತಾರೆ ಅಂದ್ಕೊಂಡೆ. ಸಂಜೆ ಬಾಳೇಶ ಫೋನ್ ಮಾಡಿ, 'ಅಮ್ಮಾರ, ನಾಲ್ಕನೇದರಾಗಿಂದು ಎರಡು ಹೋತು' ಅಂದ."

"ಆಗಲಾದ್ರೂ ಹೇಳ್ಬಹುದಿತ್ತು. ಎರಡನೇ ಬ್ಯಾಗು ಇವತ್ತು ಮಧ್ಯಾಹ್ನ ಹಾಕೋರಿದ್ರು. ನಾನು ಫೋನ್ ಮಾಡೋವಾಗ ನೀವು ಪಕ್ಕದಲ್ಲೇ ತಟ್ಟೆ ಹಿಡ್ಕೊಂಡು ನಿಂತಿದ್ರಿ."

"ಜ್ವರ ಅಂದ್ರು. ಹೆರಿಗೆ ಜ್ವರ ಇರಬಹುದು ಅಂತ ನಂಗೆ ನಾನೇ ಹೇಳ್ಕೊಂಡೆ. ರಾತ್ರಿಯೆಲ್ಲಾ ಅದನ್ನೇ ಹೇಳ್ಕೊಂಡೆ." "ಬೆಳಿಗ್ಗೆ ಹೇಳ್ಬೇಕು ಅಂತಾನೇ ಬಂದೆ. ಬಾಗಿಲಲ್ಲಿ ಅಧ್ಯಕ್ಷರು ಸಿಕ್ಕಿ, ಫಂಕ್ಷನ್‌ಗೆ ಯಾರನ್ನ ಕರೆಯೋಣ ಲಕ್ಷ್ಮಮ್ಮ ಅಂದ್ರು."

ಮಡಿವಾಳಪ್ಪ ಪೊಟ್ಟಣದ ಬಣ್ಣದ ಕಾಗದ ಬಿಚ್ಚಿದ. ಹಿತ್ತಾಳೆಯ ಹೊಳಪಿನ ಸ್ಮರಣಿಕೆ. ನಡುವೆ ಕೆತ್ತಿದ ಅಕ್ಷರ: 'ಒಂದು ಹನಿಯೂ ವ್ಯರ್ಥವಾಗದ ಮೂವತ್ತೆರಡು ವರ್ಷ.' ಕೆಳಗೆ ಅವರ ಹೆಸರು, ತಾರೀಖು 31-10-2025.

"ಇದು ಸರ್‌ಪ್ರೈಸ್ ಅಂತ ನನ್ನ ಬೀರುವಿನಲ್ಲೇ ಇಟ್ಟಿದ್ರು," ಲಕ್ಷ್ಮಮ್ಮ ಅದನ್ನು ಮುಟ್ಟದೆ ನೋಡಿದರು. "ಪೂಜೆ ಸಾಮಾನು ತೆಗೆಯೋವಾಗ ಕಾಗದ ಸ್ವಲ್ಪ ಹರಿದು ಓದ್ಬಿಟ್ಟೆ. ಎರಡು ಗಂಟೆ ಆದ್ಮೇಲೆ ಆ ಹಾರ ಕಿತ್ತೆ. ಕೆತ್ತಿಸೋಕೆ ಮುಂಚೆ ನನ್ನ ಒಂದ್ ಮಾತು ಕೇಳಿದ್ರೆ ಹೇಳ್ತಿದ್ದೆ ಮೇಡಂ, ಇನ್ನೂ ಒಂದ್ ತಿಂಗಳಿದೆ, ತಡೀರಿ ಅಂತ."

ಬಾಗಿಲ ಬಳಿ ಬಂದು ನಿಂತಿದ್ದ ರೇವಣಸಿದ್ದಯ್ಯನವರು ಒಳಗೆ ಬಂದರು. ಸೌಮ್ಯಶ್ರೀಯ ಬಳಿ ಹೋಗಿ, "ಮಗಾ, ನಿಂಗೆ ಅನ್ನಬಾರದ್ದು ಅಂದೆ," ಎಂದರು. ಅವಳು ತಲೆಯಾಡಿಸಿದಳು, ಸರಿ ಎನ್ನಲಿಲ್ಲ.

ಸೂರ್ಯ ಮುಳುಗಲು ಇನ್ನೂ ಒಂದು ಗಂಟೆ ಇರುವಾಗ, ಐದು ಐದಕ್ಕೆ, ಅನಂತಲಕ್ಷ್ಮಿಯವರನ್ನು ದಸ್ತಗಿರಿ ಮಾಡಲಾಯಿತು. ಎಫ್‌ಐಆರ್‌ಗೆ ಜೀವಕ್ಕೆ ಅಪಾಯ ತಂದ ಕಲಮೂ ಸೇರಿತು. ಜಪ್ತಿ ಪಟ್ಟಿಯಲ್ಲಿ ಹಳೆಯ ಡಬ್ಬಿ, ಹೊಸ ಡಬ್ಬಿ, ಐದು ಟೋಕನ್, ಮೂವತ್ತೊಂಬತ್ತು ಬ್ಯಾಗು, ಬಾಳೆನಾರಿನ ತುಂಡು. ಸ್ಮರಣಿಕೆಯನ್ನು ಬರೆಯಬೇಕೋ ಬೇಡವೋ ಎಂದು ಮಡಿವಾಳಪ್ಪ ಪೆನ್ನು ಎತ್ತಿ ಕಾದ. "ಬರೀರಿ," ಎಂದಳು ಬಸವರಾಜೇಶ್ವರಿ.

ಜೀಪು ಹತ್ತುವಾಗ ಲಕ್ಷ್ಮಮ್ಮ ಬಾಡಿದ ಬಾಳೆಕಂದಿಗೆ ಸೆರಗು ತಾಗದಂತೆ ಸರಿದರು. ಕೂತ ಮೇಲೆ ಒಂದೇ ಮಾತು ಕೇಳಿದರು.

"ಆ ಹುಡುಗಿಗೆ ಈಗ ಜ್ವರ ಎಷ್ಟಿದೆ?"

"ಗೊತ್ತಿಲ್ಲಮ್ಮ."

ಶನಿವಾರ ನ್ಯಾಯಾಧೀಶರ ಮುಂದೆ ಹಾಜರುಪಡಿಸಿದರು, ನ್ಯಾಯಾಂಗ ಬಂಧನವಾಯಿತು. ಅಂದೇ ಸಂಜೆ ಸೌಮ್ಯಶ್ರೀ ಠಾಣೆಗೆ ಬಂದು ನೂರಾ ಹದಿನೆಂಟನೆಯ ಪ್ರಮಾಣಪತ್ರದ ಮುದ್ರಿತ ಪ್ರತಿ ಕೊಟ್ಟಳು. ಅದನ್ನು ಅಳಿಸಿಬಿಟ್ಟಿದ್ದೀಯಾ ಎಂದು ಬಸವರಾಜೇಶ್ವರಿ ಕೇಳಿದಾಗ, "ಅಳಿಸೋಕಾಗಲ್ಲ ಮೇಡಂ. ಕೆಳಗೆ ರದ್ದು ಅಂತ ಇನ್ನೊಂದ್ ಸಾಲು ಬರೀಬೋದು, ಅಷ್ಟೇ. ಹೊಸ ಟೋಕನ್, ಹೊಸ ಪಿನ್ ಹಾಕಿ ನಾವು ಮೂರು ಜನ ಮೂರು ಕಡೆ ಕೂತು ಬರೆದ್ವಿ," ಎಂದಳು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಂಪತ್ತನ ಸಂದೇಶ ಬಂತು. ಮುತ್ತವ್ವಳ ಜ್ವರ ಇಳಿದಿತ್ತು. ವಾರ್ಡಿಗೆ ತಂದು ಮಗುವನ್ನು ಪಕ್ಕದಲ್ಲಿ ಮಲಗಿಸಿದ್ದರು.

ಬಸವರಾಜೇಶ್ವರಿ ಅದನ್ನು ತಾರೀಖು, ಹೊತ್ತಿನ ಸಹಿತ ಕೇಸ್ ಡೈರಿಯಲ್ಲಿ ಬರೆದಳು. ಬರೆದು, ಪೆನ್ನು ಮುಚ್ಚಿ, ಮಹಿಳಾ ಕಾರಾಗೃಹದ ಮೇಲಧಿಕಾರಿಗೆ ಫೋನು ಮಾಡಿ, ಅನಂತಲಕ್ಷ್ಮಿ ಎಂಬ ವಿಚಾರಣಾಧೀನ ಕೈದಿಗೆ ಒಂದೇ ಒಂದು ಸಾಲು ತಿಳಿಸಿಬಿಡಿ ಎಂದಳು. ಆ ಕರೆಯನ್ನು ಮಾತ್ರ ಅವಳು ಡೈರಿಯಲ್ಲಿ ಬರೆಯಲಿಲ್ಲ.